21 ದಿನ ಕಳೆದರೂ ಕೊಕ್ಕು ಹಾಕದ ಮೊಟ್ಟೆ: ಮಲೆನಾಡಿನ ಮಳೆಗಾಲದ ಲೆಕ್ಕ

21ನೇ ದಿನದ ಸಂಜೆ. ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಬಿಡದ ಮಳೆ. ಕಾವು ಪೆಟ್ಟಿಗೆಗೆ ಇಟ್ಟದ್ದು 30 ನಾಟಿ ಕೋಳಿಮೊಟ್ಟೆ, 7ನೇ ದಿನ ಗೊಡ್ಡೆಂದು ತೆಗೆದದ್ದು 3. ಉಳಿದ 27ರಲ್ಲಿ 9 ಮರಿ ಆಗಲೇ ಮೈ ಒಣಗಿಸಿಕೊಂಡು ಓಡಾಡುತ್ತಿವೆ. ನಾಲ್ಕರ ಚಿಪ್ಪಿನ ಮೇಲೆ ಕೊಕ್ಕು ಕುಟ್ಟಿದ ನಕ್ಷತ್ರದಂಥ ಬಿರುಕು ಇದೆ. ಇನ್ನುಳಿದ 14 ಹೊಳೆಯ ಕಲ್ಲುಗಳ ಹಾಗೆ ಸುಮ್ಮನಿವೆ. ಮುಚ್ಚಳ ತೆಗೆದು ಒಂದನ್ನಾದರೂ ಕೈಗೆತ್ತಿಕೊಂಡು ನೋಡೋಣ ಅನ್ನಿಸುವುದು ಈ ಹೊತ್ತಿಗೇ. ತೆಗೆಯಬೇಡಿ. ಮೊದಲು ಕಾಗದ ಪೆನ್ನು ಹಿಡಿದು ಕೂರಿ.

ಮೊದಲನೆಯದು ದಿನದ ಲೆಕ್ಕ. ಕೋಳಿಮೊಟ್ಟೆಗೆ 21 ದಿನದ ಕಾವು ಬೇಕು, ಆದರೆ ಮೊಟ್ಟೆಯನ್ನು ಕಾವಿಗೆ ಇಟ್ಟ ದಿನವನ್ನೇ ಒಂದು ಎಂದು ಎಣಿಸುವವರೇ ಹೆಚ್ಚು. 24 ಗಂಟೆ ಕಾವು ಕೂತ ಮೇಲೆ ಒಂದು ದಿನ. ಹಳಬರ ಲೆಕ್ಕದಲ್ಲಿ ಈ ಗೊಂದಲ ಇರುವುದಿಲ್ಲ: ಸೋಮವಾರ ಸಂಜೆ ಇಟ್ಟರೆ, ಆ ದಿನ ಬಿಟ್ಟು ಮುಂದಿನ ಮೂರನೇ ಸೋಮವಾರ ಸಂಜೆ. ವಾರದ ಹೆಸರು ಹಿಡಿದು ಎಣಿಸಿದರೆ ಅರ್ಧದಷ್ಟು 'ತಡವಾದ' ಮೊಟ್ಟೆಗಳು ತಡವೇ ಆಗಿರುವುದಿಲ್ಲ. ಬೇರೆ ಜಾತಿಯ ಮೊಟ್ಟೆ ಬೆರೆತಿದೆಯೇ ಅನ್ನುವುದನ್ನೂ ನೋಡಿಕೊಳ್ಳಿ. ಬಾತುಕೋಳಿಗೆ 28 ದಿನ, ಗಿನಿ ಕೋಳಿಗೆ 26ರಿಂದ 28. ಗಿರಿರಾಜ, ಸ್ವರ್ಣಧಾರದಂಥ ತಳಿಗಳ ದೊಡ್ಡ ಮೊಟ್ಟೆಗಳು ನಾಟಿ ಮೊಟ್ಟೆಗಿಂತ ಕೆಲವು ಗಂಟೆ ಹಿಂದೆ ಬೀಳುವುದು ಸಹಜ.

ಎರಡನೆಯದು ಮೊಟ್ಟೆಯ ವಯಸ್ಸು. ಕೂಡಿಹಾಕಿ ಏಳು ದಿನ ದಾಟಿದ ಮೊಟ್ಟೆ ನಿಧಾನ, ಹತ್ತು ಹನ್ನೆರಡು ದಿನದ್ದು ಇನ್ನೂ ನಿಧಾನ, ಮರಿಯಾಗುವ ಸಾಧ್ಯತೆಯೂ ದಿನದಿಂದ ದಿನಕ್ಕೆ ಇಳಿಯುತ್ತದೆ. ಹೊಸದು ಹಳೆಯದು ಒಟ್ಟಿಗೆ ಇಟ್ಟಿದ್ದರೆ ಮರಿಗಳೂ ಒಂದೂವರೆ ದಿನದುದ್ದಕ್ಕೆ ಚದುರಿಕೊಂಡೇ ಬರುತ್ತವೆ. ಕೋಳಿ ಮೊಟ್ಟೆಯಿಟ್ಟ ತಾರೀಕನ್ನು ಅದರ ಮೇಲೆ ಸೀಸದ ಕಡ್ಡಿಯಲ್ಲಿ ಬರೆಯುವುದು ಇದಕ್ಕೇ.

ಮೂರನೆಯದು ಬಿಸಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು 38.5ರ ಹತ್ತಿರ, ಏಕೆಂದರೆ ಅಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ. ಮೂರೂ ವಾರ ಅರ್ಧ ಡಿಗ್ರಿ ಕಡಿಮೆ ನಡೆದರೆ ಮರಿ ಸುಮಾರು ಒಂದು ದಿನ ತಡ. ಪೆಟ್ಟಿಗೆಯ ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ನಂಬುವ ಮೊದಲು ಒಂದು ಪರೀಕ್ಷೆ ಇದೆ. ಲೋಟದಲ್ಲಿ 38 ಡಿಗ್ರಿಯ ಆಸುಪಾಸಿನ ಬೆಚ್ಚನೆ ನೀರಿಗೆ ಜ್ವರ ನೋಡುವ ಥರ್ಮಾಮೀಟರ್ ತುದಿಯನ್ನೂ ನೀರು ತಾಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಸೆನ್ಸರನ್ನೂ ಒಟ್ಟಿಗೆ ಇಳಿಸಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಅಗ್ಗದ ಸೆನ್ಸರ್ ಅರ್ಧದಿಂದ ಒಂದು ಡಿಗ್ರಿ ಸುಳ್ಳು ಹೇಳುವುದು ತೀರಾ ಮಾಮೂಲು.

ಮನೆಯಲ್ಲೇ ಪೆಟ್ಟಿಗೆ ಮಾಡಿದವರು ಸಾಮಾನ್ಯವಾಗಿ ಹಾಕುವುದು ಬಿಸಿ ನಿಯಂತ್ರಿಸುವ ಡಬ್ಲ್ಯು 1209 ಎನ್ನುವ ಪುಟ್ಟ ಬೋರ್ಡು. ಅದು ಅಂಗಡಿಯಿಂದ ಬರುವಾಗ ಎರಡು ಡಿಗ್ರಿಯ ಅಂತರದಲ್ಲಿ ಬಲ್ಬ್ ಹಚ್ಚಿ ಆರಿಸುವಂತೆ ಇರುತ್ತದೆ. 37.5ಕ್ಕೆ ಇಟ್ಟರೂ 35.5ಕ್ಕೆ ಇಳಿಯುವ ತನಕ ಬಲ್ಬ್ ಹತ್ತುವುದೇ ಇಲ್ಲ. ಪಿ1 ಎನ್ನುವ ಸೆಟ್ಟಿಂಗಿಗೆ ಹೋಗಿ ಅದನ್ನು 0.2 ಅಥವಾ 0.3 ಮಾಡಿಕೊಳ್ಳದೆ ಮೊಟ್ಟೆ ಇಡಬಾರದು. ಬಲ್ಬು ಒಂದೇ ದೊಡ್ಡದು ಹಾಕುವ ಬದಲು ಸಣ್ಣವು ಎರಡು ಹಾಕಿ. ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನ ತನಕ ಹಿಡಿದುಕೊಳ್ಳುತ್ತದೆ. ಎಲ್‌ಇಡಿ ಬಲ್ಬು ಇದಕ್ಕೆ ಪ್ರಯೋಜನವಿಲ್ಲ, ತಂತಿ ಕಾಯುವ ಹಳೇ ಬಲ್ಬೇ ಬೇಕು.

ಇನ್ನು ಕರೆಂಟು. ಮರ ಲೈನಿನ ಮೇಲೆ ಬಿದ್ದರೆ ನಮ್ಮ ಕಡೆ ಅದು ಗಂಟೆಯ ಮಾತಲ್ಲ, ಕೆಲವೊಮ್ಮೆ ದಿನದ ಮಾತು. ಮೊದಲ ಎರಡು ವಾರದಲ್ಲಿ ಹೋದರೆ ಗಾಳಿಯ ತೂತು ಮುಚ್ಚಿ, ಕಂಬಳಿ ಹೊದಿಸಿ, ಬಚ್ಚಲ ಹಂಡೆಯ ಬಿಸಿನೀರನ್ನು ಲೀಟರ್ ಬಾಟಲಿಗೆ ತುಂಬಿ ಬಟ್ಟೆ ಸುತ್ತಿ ಮೊಟ್ಟೆಗೆ ತಾಗದಂತೆ ಮೂಲೆಗಳಲ್ಲಿ ನಿಲ್ಲಿಸಬೇಕು. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿದರೆ ಸಾಕು. ಭ್ರೂಣ ತಣ್ಣಗಾಗುವುದನ್ನು ತಡೆದುಕೊಳ್ಳುತ್ತದೆ, ಅದರಿಂದ ಆಗುವ ನಷ್ಟ ಹೆಚ್ಚಾಗಿ ಸಮಯದ್ದು. ತಡೆದುಕೊಳ್ಳದಿರುವುದು 40 ಡಿಗ್ರಿ ದಾಟಿದ ಬಿಸಿಯನ್ನು. ಗಾಬರಿಯಲ್ಲಿ ಕುದಿಯುವ ನೀರಿಟ್ಟು ಕೊಂದವರು ಚಳಿಗೆ ಕಳೆದುಕೊಂಡವರಿಗಿಂತ ಹೆಚ್ಚು. 15ನೇ ದಿನ ದಾಟಿದ ಮೇಲೆ ಮೊಟ್ಟೆಯೇ ಬಿಸಿ ಹುಟ್ಟಿಸುತ್ತದೆ, ಉಸಿರೂ ಜಾಸ್ತಿ ಬೇಕು. ಆಗ ಕಂಬಳಿ ಹೊದಿಸಿದರೂ ಗಾಳಿಯ ತೂತನ್ನು ಪೂರ್ತಿ ಮುಚ್ಚಬಾರದು. ಹೋದ ಗಂಟೆಗಳನ್ನು ಕೂಡಿಸಿ ಬರೆದಿಟ್ಟಿದ್ದರೆ, 21ನೇ ದಿನ ಯಾಕೆ ಸದ್ದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂಬ ಮಾತು ಇದೆ. ಗುಡುಗಿನ ಸದ್ದಿಗಲ್ಲ, ಗುಡುಗಿನ ಬೆನ್ನಿಗೇ ಹೋಗುವ ಕರೆಂಟಿಗೆ ಎಂದು ಓದಿಕೊಂಡರೆ ಪೆಟ್ಟಿಗೆ ಇಟ್ಟವರ ಮಟ್ಟಿಗೆ ಅದು ಸುಳ್ಳಲ್ಲ.

ಇಷ್ಟೆಲ್ಲ ಸರಿಯಿದ್ದೂ ಮರಿ ಬಾರದಿದ್ದರೆ, ಮಲೆನಾಡಿನಲ್ಲಿ ಮೊದಲ ಅನುಮಾನ ನೀರಿನ ಮೇಲೆ. ಪೆಟ್ಟಿಗೆಯ ಜೊತೆ ಬರುವ ಚೀಟಿಯಲ್ಲಿ ಮೊದಲ ದಿನದಿಂದಲೇ ತಟ್ಟೆಗೆ ನೀರು ಹಾಕಿ ಎಂದಿರುತ್ತದೆ. ಒಣ ಸೀಮೆಯವರಿಗೆ ಅದು ಸರಿ. ಮೊಟ್ಟೆ 18 ದಿನದಲ್ಲಿ ತನ್ನ ತೂಕದ ಶೇ. 11ರಿಂದ 13ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಲೇಬೇಕು. ಕಳೆದ ಜಾಗದಲ್ಲಿ ದಪ್ಪ ತುದಿಯ ಗಾಳಿಗೂಡು ಬೆಳೆಯುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಕೊಕ್ಕನ್ನು ಆ ಗೂಡಿಗೆ ತೂರಿಸಿ ಮೊದಲ ಉಸಿರು ಎಳೆಯುವುದು ಅಲ್ಲಿಂದ. ನೀರು ಹೋಗದಿದ್ದರೆ ಗೂಡು ಚಿಕ್ಕದು, ಮರಿ ಊದಿಕೊಂಡಿರುತ್ತದೆ, ತಿರುಗಲು ಜಾಗವಿಲ್ಲ, ಕೊಕ್ಕು ತೂರಿದ ಕಡೆ ಗಾಳಿಯ ಬದಲು ದ್ರವ. ಪೂರ್ತಿ ಬೆಳೆದ ಮರಿ ಬಾಗಿಲ ಬಳಿ ಬಂದು ಮುಳುಗುವುದು ಹೀಗೆ.

ಮಳೆಗಾಲದಲ್ಲಿ ಹೊರಗಿನ ಗಾಳಿ 23 ಡಿಗ್ರಿ, ತೇವ ಶೇ. 95 ಇದ್ದರೆ ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ತೇವ ಶೇ. 40ರಷ್ಟಾಗುತ್ತದೆ. ಅದಕ್ಕೆ ಮೊಟ್ಟೆಗಳಿಂದಲೇ ಹೊರಡುವ ಆವಿ ಸೇರಿದರೆ ಶೇ. 45, 50. ನಮಗೆ ಬೇಕಾದ್ದೂ ಅಷ್ಟೇ. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ 18 ದಿನ ತಟ್ಟೆಗೆ ಒಂದು ತೊಟ್ಟು ನೀರೂ ಬೇಡ. ಡಿಸೆಂಬರ್‌ನ ಮುಂಜಾವಿನ 15 ಡಿಗ್ರಿಯ ಗಾಳಿ, ಮಂಜು ಮುಸುಕಿದ್ದರೂ, ಪೆಟ್ಟಿಗೆಯೊಳಗೆ ಕಾದಾಗ ಶೇ. 25ರ ಆಸುಪಾಸಿಗೆ ಇಳಿಯುತ್ತದೆ. ಮಾರ್ಚ್ ಮಧ್ಯಾಹ್ನದ್ದು ಶೇ. 30ರ ಒಳಗೆ. ಆಗ ನೀರು ಬೇಕೇ ಬೇಕು. ಒಂದೇ ಮನೆ, ಒಂದೇ ಪೆಟ್ಟಿಗೆ, ಕಾಲಕ್ಕೆ ತಕ್ಕ ಹಾಗೆ ಎರಡು ತದ್ವಿರುದ್ಧ ತಪ್ಪು.

ತೇವ ತೋರಿಸುವ ಮೀಟರಿನ ಪರೀಕ್ಷೆಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದೆ ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿಟ್ಟು ಹತ್ತು ಹನ್ನೆರಡು ಗಂಟೆ ಬಿಟ್ಟರೆ ಅದು ಶೇ. 75 ತೋರಿಸಬೇಕು. 82 ತೋರಿಸಿದರೆ 7 ಕಳೆದು ಓದಿಕೊಳ್ಳುವುದು.

ಮೀಟರಿಗಿಂತ ನಂಬಬಹುದಾದದ್ದು ತಕ್ಕಡಿ. ಅಡುಗೆಮನೆಯ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. 10 ಮೊಟ್ಟೆಗೆ ಗುರುತು ಹಾಕಿ ಒಟ್ಟಿಗೆ ತೂಗಿ. ನಾಟಿ ಮೊಟ್ಟೆ 45 ಗ್ರಾಂನಂತೆ 450 ಇದೆ ಎನ್ನಿ. 7ನೇ ದಿನ 429ರ ಹತ್ತಿರ, 14ನೇ ದಿನ 408, 18ನೇ ದಿನ 396 ಬಂದರೆ ದಾರಿ ಸರಿ. ಮೇಲೆ ಹೇಳಿದ ಜುಲೈ ಬ್ಯಾಚಿನಲ್ಲಿ ಚೀಟಿಯ ಮಾತು ಕೇಳಿ ನೀರಿಟ್ಟದ್ದರಿಂದ 18ನೇ ದಿನ 414 ಇತ್ತು, ಶೇ. 8 ಮಾತ್ರ. 14 ಮೊಟ್ಟೆ ಸುಮ್ಮನಿದ್ದುದರ ಗುಟ್ಟು ಅದು. 7ನೇ ದಿನವೇ ಹಿಂದೆ ಬಿದ್ದದ್ದು ಕಂಡರೆ ತಟ್ಟೆ ಒಣಗಿಸಿ ಗಾಳಿಯ ತೂತು ಪೂರ್ತಿ ತೆಗೆದು ಸರಿಮಾಡಲು ಹನ್ನೊಂದು ದಿನ ಸಿಗುತ್ತದೆ. 18ರಲ್ಲಿ ಕಂಡರೆ ಮಾಡುವುದು ಸ್ವಲ್ಪವೇ: ಕೊನೆಯ ಮೂರು ದಿನಕ್ಕೆ ಎಲ್ಲರೂ ಹೇಳುವ ಶೇ. 70 ತೇವದ ಬದಲು 55, 60ರಲ್ಲಿ ನಿಲ್ಲಿಸುವುದು. ಒದ್ದೆ ಸ್ಪಂಜು ಒಂದು ಸಾಕು. ತೆರೆದ ನೀರಿನ ತಟ್ಟೆ ಇಟ್ಟರೆ ಹುಟ್ಟಿದ ಮರಿಯೇ ಅದರಲ್ಲಿ ಮುಳುಗೀತು.

ಈಗ ಕಾಯುವ ಕೆಲಸ. ಮರಿ ಒಳಗೆ ಗಾಳಿಗೂಡಿಗೆ ಕೊಕ್ಕು ತೂರಿಸಿದ ಮೇಲೆ ಚೀಂಗುಟ್ಟುವುದು ಕೇಳುತ್ತದೆ, ಚಿಪ್ಪಿನ ಮೇಲೆ ಏನೂ ಕಾಣುವುದಿಲ್ಲ. ಇದು 24 ಗಂಟೆ ತನಕ ನಡೆಯಬಹುದು. ಚಿಪ್ಪಿನ ಮೇಲೆ ಬಿರುಕು ಕಂಡ ಮೇಲೆ ಮತ್ತೆ 12ರಿಂದ 24 ಗಂಟೆ ಏನೂ ಆಗದಂತೆ ತೋರುತ್ತದೆ. ಆಗ ಆಗುತ್ತಿರುವುದು ಎರಡು: ಪೊರೆಯ ರಕ್ತನಾಳಗಳು ಬತ್ತುತ್ತಿವೆ, ಮೊಟ್ಟೆಯ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಹೋಗುತ್ತಿದೆ. ಇದು ಮುಗಿದ ಮೇಲೆ ಮರಿ ಸುತ್ತ ತಿರುಗುತ್ತ ಚಿಪ್ಪನ್ನು ಟೋಪಿಯಂತೆ ಕತ್ತರಿಸುತ್ತದೆ, ಅದಕ್ಕೆ ಹಿಡಿಯುವುದು ಒಂದೆರಡು ಗಂಟೆ. ಮಧ್ಯದ ಆ ಸುಮ್ಮನಿರುವ ಹೊತ್ತಿನಲ್ಲಿ ಚಿಪ್ಪು ಸುಲಿದವರು ಕೈಯಾರೆ ರಕ್ತ ಹರಿಸುತ್ತಾರೆ. ಬಿರುಕು ಕಂಡ ಗಂಟೆಯನ್ನು ಆ ಮೊಟ್ಟೆಯ ಹೆಸರಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಬಿಡಿ. ನೆನಪಿನಲ್ಲಿ ಐದು ಗಂಟೆ ಯಾವಾಗಲೂ ಹತ್ತಾಗಿರುತ್ತದೆ.

ಮೊದಲು ಹುಟ್ಟಿದ ಮರಿಗಳಿಗೆ ಹಸಿವಾಗುತ್ತದೆಂದು ಮುಚ್ಚಳ ತೆಗೆಯಬೇಕಾಗಿಲ್ಲ. ಹೊಟ್ಟೆಗೆ ಸೇರಿದ ಹಳದಿ ಅವಕ್ಕೆ ಎರಡು ದಿನ ಧಾರಾಳ ಸಾಕು, ಮೂರರ ತನಕವೂ ತಡೆಯುತ್ತವೆ. ಮೈ ಒಣಗಿದ ಮರಿಗಳನ್ನು ದಿನಕ್ಕೆ ಎರಡು ಸಲ, ಒಟ್ಟಿಗೆ, ಬೇಗ ತೆಗೆದು ಮುಚ್ಚುವುದು.

ಬಿರುಕೂ ಇಲ್ಲ, ಸದ್ದೂ ಇಲ್ಲ ಎನ್ನುವ ಮೊಟ್ಟೆಗಳನ್ನು 22ನೇ ದಿನ ಕತ್ತಲೆಯಲ್ಲಿ ಟಾರ್ಚಿಗೆ ಹಿಡಿಯಿರಿ. ಗಾಳಿಗೂಡಿನ ಅಂಚು ಓರೆಯಾಗಿ, ಒಳಗೆ ಕೊಕ್ಕಿನ ನೆರಳು ಆಡುತ್ತಿದ್ದರೆ ಜೀವ ಇದೆ. ಅಂಚು ನೆಟ್ಟಗೆ ಇದ್ದು ಕೆಳಗೆಲ್ಲ ಕಪ್ಪು, ಮೊಟ್ಟೆ ಕೈಗೆ ತಣ್ಣಗೆ ಹತ್ತುತ್ತಿದ್ದರೆ ಆಸೆ ಕಡಿಮೆ. ಬೆಚ್ಚನೆ ನೀರಿಗೆ ಬಿಟ್ಟು ಅಲುಗುತ್ತದೆಯೇ ನೋಡುವ ಪರೀಕ್ಷೆಯೂ ಇದೆ. ಕಣ್ಣಿಗೆ ಕಾಣದ ಬಿರುಕು ಒಂದಿದ್ದರೂ ಬದುಕಿದ್ದ ಮರಿ ನೀರು ಕುಡಿದು ಸಾಯುತ್ತದೆ, ಆದ್ದರಿಂದ ನಾವು ಅದನ್ನು ಬಿಟ್ಟಿದ್ದೇವೆ. ಟಾರ್ಚು ಸಾಕು.

ಕೈ ಹಾಕುವ ಹೊತ್ತು ಮೂರೇ. ಒಳಗೆ ಚೀಂಗುಟ್ಟಲು ಶುರುವಾಗಿ 24 ಗಂಟೆಯಾದರೂ ಚಿಪ್ಪಿಗೆ ಬಿರುಕು ಬೀಳದಿದ್ದಾಗ. ಬಿರುಕು ಬಿದ್ದು 24 ಗಂಟೆ ಕಳೆದರೂ ಒಂದಿಂಚೂ ಮುಂದೆ ಹೋಗದಿದ್ದಾಗ. ಸುತ್ತ ಕತ್ತರಿಸಲು ಶುರುಮಾಡಿ ಎರಡು ಮೂರು ಗಂಟೆ ಅಲ್ಲೇ ನಿಂತಾಗ.

ಬೇಕಾದ್ದು: ಚಿಮಟ, ಕಿವಿಗೆ ಹಾಕುವ ಹತ್ತಿ ಕಡ್ಡಿ, ಕುದಿಸಿ ಉಗುರುಬೆಚ್ಚಗಾದ ನೀರು, ಒಂದು ಚಮಚ ಕೊಬ್ಬರಿ ಎಣ್ಣೆ, ಸ್ವಲ್ಪ ಕಾರ್ನ್‌ಫ್ಲೋರ್, ಪೊವಿಡೋನ್ ಅಯೋಡಿನ್, ಟಾರ್ಚು. ಅಡುಗೆಮನೆಯ ಒಲೆಯ ಹತ್ತಿರ, ಬಾಗಿಲು ಮುಚ್ಚಿಕೊಂಡು, ಒದ್ದೆ ಬೆಚ್ಚನೆ ಬಟ್ಟೆಯಲ್ಲಿ ಮೊಟ್ಟೆ ಸುತ್ತಿ ಹಿಡಿಯಬೇಕು. ಒಂದು ಸಲಕ್ಕೆ ಒಂದೇ ಮೊಟ್ಟೆ, ಹತ್ತು ನಿಮಿಷಕ್ಕಿಂತ ಹೆಚ್ಚಲ್ಲ.

ಬಿರುಕೇ ಇಲ್ಲದ್ದಕ್ಕೆ ಟಾರ್ಚು ಹಿಡಿದು ಗಾಳಿಗೂಡಿನ ಅಂಚನ್ನು ಸೀಸದ ಕಡ್ಡಿಯಲ್ಲಿ ಗೆರೆ ಎಳೆದುಕೊಳ್ಳಿ. ದಪ್ಪ ತುದಿಯ ನೆತ್ತಿಯಲ್ಲಿ, ಕುದಿಯುವ ನೀರಲ್ಲಿ ಅದ್ದಿದ ದಬ್ಬಳದ ಮೊನೆಯನ್ನು ಒತ್ತದೆ ತಿರುಗಿಸುತ್ತ ಎರಡು ಮಿಲಿಮೀಟರ್ ತೂತು ಮಾಡಿ. ಇದು ಉಸಿರಿಗೆ ಮಾತ್ರ. ತೂತು ಮಾಡಿ ವಾಪಸ್ ಇಟ್ಟು ಇನ್ನೊಂದು 12 ಗಂಟೆ ಬಿಡಿ. ಅನೇಕ ಮರಿಗಳಿಗೆ ಅಷ್ಟೇ ಸಾಕಾಗುತ್ತದೆ.

ಬಿರುಕು ನಿಂತುಹೋದದ್ದರಲ್ಲಿ ಮೊದಲು ಆ ಜಾಗವನ್ನು ಕಡಲೆಕಾಳಿನಷ್ಟು ಅಗಲ ಮಾಡಿ ಪೊರೆಯ ಬಣ್ಣ ನೋಡಿ. ಬೆಳ್ಳಗೆ, ತೇವವಾಗಿದ್ದರೆ ಮುಚ್ಚಿಟ್ಟು ಕಾಯಿರಿ. ಹಳದಿ ಕಂದಾಗಿ ಒಣ ಚರ್ಮದಂತಾಗಿದ್ದರೆ ಮರಿ ಅದರೊಳಗೆ ಬಿಗಿದುಕೊಂಡಿದೆ. ಮುಚ್ಚಳ ಪದೇಪದೇ ತೆಗೆದ ಪೆಟ್ಟಿಗೆಯಲ್ಲಿ, ಬೇಸಿಗೆ ಚಳಿಗಾಲದಲ್ಲಿ, ಇದು ಜಾಸ್ತಿ. ಹತ್ತಿ ಕಡ್ಡಿಯಲ್ಲಿ ಬೆಚ್ಚನೆ ನೀರನ್ನೋ ಎಣ್ಣೆಯನ್ನೋ ಸವರಿ. ಕೊಕ್ಕಿನ ಮೇಲಿನ ಮೂಗಿನ ತೂತಿಗೆ ಒಂದು ಹನಿಯೂ ಹೋಗಬಾರದು. ಎಣ್ಣೆ ತಾಗಿದ ಪೊರೆ ಗಾಜಿನಂತಾಗಿ ಕೆಳಗಿನ ನಾಳಗಳು ಕಾಣುತ್ತವೆ. ಕೆಂಪಗೆ, ದಾರದಷ್ಟು ದಪ್ಪ ಇವೆಯೇ? ಅಲ್ಲಿಗೆ ನಿಲ್ಲಿಸಿ, ಪೆಟ್ಟಿಗೆಗೆ ವಾಪಸ್ ಇಟ್ಟು ನಾಲ್ಕರಿಂದ ಆರು ಗಂಟೆ ಬಿಡಿ. ಮರಿ ಬಾಯಿ ಚಪ್ಪರಿಸುತ್ತಾ ಆಕಳಿಸುವಂತೆ ಮಾಡುತ್ತಿದ್ದರೂ ಅಷ್ಟೇ, ಹಳದಿ ಇನ್ನೂ ಒಳಗೆ ಹೋಗುತ್ತಿದೆ ಎಂದರ್ಥ.

ನಾಳ ಮಸುಕಾಗಿ ಕಾಣದಂತಾದ ಮೇಲೆ ಸೀಸದ ಗೆರೆಯ ತನಕ ಮಾತ್ರ, ಗಾಳಿಗೂಡಿನ ಮೇಲಿನ ಚಿಪ್ಪನ್ನು ಚೂರುಚೂರಾಗಿ ತೆಗೆಯಿರಿ. ಪೊರೆಯನ್ನು ಕೊಕ್ಕಿನ ಕಡೆಯಿಂದ ಹಿಂದಕ್ಕೆ ಮಡಚಿ ತಲೆ ಬಿಡಿಸಿ. ಕೆಳಗಿನ ಅರ್ಧ ಮುಟ್ಟಬೇಡಿ. ಅದನ್ನು ಮರಿ ತಾನೇ ಒದ್ದು ಬರಬೇಕು, ಒದೆಯುವಾಗಲೇ ಹೊಕ್ಕುಳಿನ ಕೊನೆಯ ಭಾಗ ಮುಚ್ಚಿಕೊಳ್ಳುವುದು. ಎಲ್ಲಾದರೂ ರಕ್ತ ಜಿನುಗಿದರೆ ಕಾರ್ನ್‌ಫ್ಲೋರನ್ನು ಕಡ್ಡಿಯಲ್ಲಿ ಒತ್ತಿ ಹಿಡಿದು, ನಿಂತ ಮೇಲೆ ವಾಪಸ್. ಅರಿಶಿನ ಹಾಕುವವರಿದ್ದಾರೆ. ಅದರ ಬಣ್ಣದಲ್ಲಿ ರಕ್ತ ನಿಂತಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಚೂಪು ತುದಿಯಲ್ಲಿ ಕೊಕ್ಕು ಹಾಕಿದ ಮರಿಯದು ಬೇರೆ ಕಷ್ಟ. ಅದು ತಲೆಕೆಳಗಾಗಿ ಬೆಳೆದಿದೆ, ಗಾಳಿಗೂಡು ಅದಕ್ಕೆ ಸಿಗುವುದೇ ಇಲ್ಲ. ಅದರ ತೂತು ಮುಚ್ಚಿಹೋಗದಂತೆ ನೋಡಿಕೊಂಡು ಕಾಯುವುದೊಂದೇ ದಾರಿ. ಮೊಟ್ಟೆಯನ್ನು ಚೂಪು ತುದಿ ಮೇಲಾಗಿ ಇಟ್ಟಾಗ ಇಂಥವು ಹೆಚ್ಚು.

ಹೇಂಟೆಯ ಕೆಳಗೆ ಇಟ್ಟವರಿಗೂ ತಡದ ಮರಿಯ ತೊಂದರೆ ತಪ್ಪಿದ್ದಲ್ಲ. ಮೊದಲ ಮರಿಗಳು ಬಂದ ಒಂದೆರಡು ದಿನಕ್ಕೆ ತಾಯಿ ಅವನ್ನು ಕರೆದುಕೊಂಡು ಅಂಗಳಕ್ಕಿಳಿಯುತ್ತದೆ, ಬುಟ್ಟಿಯಲ್ಲಿ ಬಿರುಕು ಬಿಟ್ಟ ಮೊಟ್ಟೆಗಳು ತಣ್ಣಗಾಗುತ್ತವೆ. ಬೆಳಿಗ್ಗೆ ಬುಟ್ಟಿ ಖಾಲಿ ಕಂಡ ಕೂಡಲೇ ಅವನ್ನು ಕಾವು ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆ ಇಲ್ಲದಿದ್ದರೆ ಬಟ್ಟೆ ಸುತ್ತಿದ ಬೆಚ್ಚನೆ ಬಾಟಲಿಗಳ ನಡುವೆ, ಥರ್ಮಾಮೀಟರ್ ಜೊತೆಗೆ ಇಡಬಹುದು. ಹುಟ್ಟಿದ ಮೇಲೆ ಕತ್ತಲಾದ ನಂತರವೇ ತಾಯಿಯ ರೆಕ್ಕೆಯಡಿಗೆ ಸೇರಿಸುವುದು, ಹಗಲಲ್ಲಿ ಬಿಟ್ಟರೆ ಕುಟ್ಟಿ ಓಡಿಸುತ್ತದೆ. ಮಳೆಗಾಲದಲ್ಲಿ ಕಾವಿನ ಮಧ್ಯೆಯೇ ಹೇಂಟೆ ಎದ್ದು ಹೋಗುತ್ತಿದ್ದರೆ ಬುಟ್ಟಿಯ ಹುಲ್ಲಲ್ಲಿ ಹೇನು ನೋಡಿ. ಒಣ ಬೂದಿ ಹಾಕಿ ಹುಲ್ಲು ಬದಲಿಸಿದರೆ ಕೂರುತ್ತದೆ.

ತಡವಾಗಿ ಬಂದ ಮರಿಯನ್ನು ಓಡಾಡುವ ಮರಿಗಳ ಗುಂಪಿಗೆ ನೇರ ಬಿಡಬಾರದು, ತುಳಿದು ಹಾಕುತ್ತವೆ. ಸಣ್ಣ ಡಬ್ಬದಲ್ಲಿ, ಜೊತೆಗೊಂದು ಸಾಧು ಮರಿ, 35 ಡಿಗ್ರಿ ಬಿಸಿ. ಹೊಕ್ಕುಳಿನ ಮೇಲೆ ಅಯೋಡಿನ್ ಒಂದು ಹನಿ. ಒಂದು ಲೋಟ ನೀರಿಗೆ ಒಂದು ಚಮಚ ಬೆಲ್ಲ ಕರಗಿಸಿ ಕೊಕ್ಕಿನ ತುದಿ ಅದ್ದಿಸಿದರೆ ಸಾಕು, ಬಾಯಿಗೆ ಹಿಂಡಿದರೆ ನೆತ್ತಿಗೆ ಹತ್ತಿ ಸಾಯುತ್ತದೆ. ಕಾಲಡಿಗೆ ಪೇಪರ್, ಅಡಿಕೆ ಹಾಳೆ ಎರಡೂ ಬೇಡ, ಜಾರಿ ಕಾಲು ಅಗಲವಾಗುತ್ತದೆ. ಗೋಣಿತಾಟು ಒಳ್ಳೆಯದು. ಕಾಲು ಆಗಲೇ ಅಗಲವಾಗಿದ್ದರೆ ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಉದ್ದಕ್ಕೆ ಸೀಳಿ, ಎರಡೂ ಕಾಲಿಗೆ ನಿಲ್ಲುವ ಅಗಲ ಬಿಟ್ಟು ಕೋಳದಂತೆ ಕಟ್ಟಬೇಕು. ಮೊದಲ ಎರಡು ದಿನದಲ್ಲಿ ಕಟ್ಟಿದರೆ ಮೂರರಿಂದ ಐದು ದಿನಕ್ಕೆ ಸರಿಯಾಗುತ್ತದೆ, ವಾರ ಕಳೆದ ಮೇಲೆ ಕಟ್ಟಿ ಪ್ರಯೋಜನವಿಲ್ಲ. ಹೊಟ್ಟೆ ಮೆತ್ತಗೆ ಊದಿ, ಹೊಕ್ಕುಳು ತೆರೆದು ವಾಸನೆ ಬರುವ ಮರಿ ಮಾತ್ರ ಉಳಿಯುವುದಿಲ್ಲ. ಅದನ್ನು ಬೇರೆ ಮಾಡದಿದ್ದರೆ ಉಳಿದವನ್ನೂ ಕರೆದೊಯ್ಯುತ್ತದೆ.

ಜುಲೈ ಬ್ಯಾಚಿನ ಬಿರುಕು ಬಿಟ್ಟ ನಾಲ್ಕರಲ್ಲಿ ಮೂರು, ಸುಮ್ಮನಿದ್ದ 14ರಲ್ಲಿ ಐದು 22, 23ನೇ ದಿನಗಳಲ್ಲಿ ಬಂದವು. 23ನೇ ದಿನ ಮುಗಿದ ಮೇಲೆ ಉಳಿದ ಹತ್ತನ್ನು ಹಿತ್ತಲಿಗೆ ಒಯ್ದು ಒಡೆದು ನೋಡಿದ್ದಾಯಿತು. ಮನಸ್ಸಾಗುವುದಿಲ್ಲ ಎನ್ನುವವರೂ ಇದನ್ನು ಬಿಡಬಾರದು, ಮುಂದಿನ ಬ್ಯಾಚಿನ ಪಾಠವೆಲ್ಲ ಇದರೊಳಗಿದೆ. ಮೊದಲು ಮೂಸಿ, ವಾಸನೆ ಬರುವುದನ್ನು, ಚಿಪ್ಪಿನ ಮೇಲೆ ಕಂದು ಬೆವರು ಜಿನುಗುವುದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಡೆಯಿರಿ. ಇಲ್ಲದಿದ್ದರೆ ಪಟಾಕಿಯಂತೆ ಸಿಡಿದು ಮೈಮೇಲೆ ಬರುತ್ತದೆ.

ಆರರಲ್ಲಿ ಮರಿ ದೊಡ್ಡದು, ಮೈಯೆಲ್ಲ ಅಂಟು, ಸುತ್ತ ದ್ರವ, ಗಾಳಿಗೂಡು ಎಂಟಾಣೆ ಬಿಲ್ಲೆಗಿಂತ ಸಣ್ಣದು: ನೀರಿನ ತಟ್ಟೆಯ ಕೆಲಸ. ಒಂದು ಚೂಪು ತುದಿಯದು. ಎರಡರಲ್ಲಿ ರಕ್ತದ ಉಂಗುರ, ಅಂದರೆ ಮೊದಲ ವಾರದಲ್ಲೇ ಸತ್ತದ್ದು. 7ನೇ ದಿನದ ಟಾರ್ಚಿಗೆ ಸಿಗಬೇಕಿತ್ತು. ಹಳೆಯ ಮೊಟ್ಟೆ, ಶುರುವಿನ ಬಿಸಿಯ ಏರಿಳಿತ ಇದಕ್ಕೆ ಕಾರಣ. ಇನ್ನೊಂದು ಕಪ್ಪು ಹಸಿರಾಗಿ ಕೊಳೆತದ್ದು. ಮಳೆಗಾಲದ ಕೆಸರುಗಾಲಲ್ಲಿ ಕೋಳಿ ಗೂಡಿಗೆ ಬಂದು ಮೊಟ್ಟೆ ಕೊಳಕಾಗುತ್ತದೆ, ಅದನ್ನು ತಣ್ಣೀರಲ್ಲಿ ತೊಳೆದರೆ ಕೊಳೆ ಚಿಪ್ಪಿನ ರಂಧ್ರದೊಳಕ್ಕೇ ಹೋಗುತ್ತದೆ. ಕೊಳಕು ಮೊಟ್ಟೆ ತಿನ್ನಲು, ಸ್ವಚ್ಛವಾದದ್ದು ಕಾವಿಗೆ. ಗೂಡಿಗೆ ವಾರಕ್ಕೊಮ್ಮೆ ಒಣ ಭತ್ತದ ಹೊಟ್ಟು ಹೊಸದಾಗಿ ಹಾಕಬೇಕು. ಗೊಡ್ಡು ಮೊಟ್ಟೆಯೇ ಹೆಚ್ಚಿದ್ದರೆ ಪೆಟ್ಟಿಗೆಯನ್ನು ಬೈಯಬೇಡಿ, ಹುಂಜವನ್ನು ನೋಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಬೇಕು. ಬೆರಳು ಮುದುಡಿದ ಮರಿಗಳು ಸಾಲಾಗಿ ಬಂದರೆ ತಾಯಿಕೋಳಿಯ ಆಹಾರದಲ್ಲಿ ಬಿ2 ವಿಟಮಿನ್ ಕೊರತೆ ಇರಬಹುದು, ಹಸಿರು ಸೊಪ್ಪು ಜಾಸ್ತಿ ಮಾಡಿ. ಬ್ಯಾಚಿನ ಮೇಲೆ ಬ್ಯಾಚು ಕೊಳೆತರೆ, ಮರಿಗಳು ಬಿಳಿ ಭೇದಿಯಾಗಿ ಸತ್ತರೆ, ಸತ್ತ ಮರಿಯನ್ನು ಊರಿನ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಒಯ್ದು ತೋರಿಸುವುದೇ ಸರಿ.

ಒಡೆದದ್ದನ್ನೆಲ್ಲ ಎರಡಡಿ ಗುಂಡಿಯಲ್ಲಿ ಸುಣ್ಣ ಎರಚಿ ಹೂಳಿ ಮೇಲೊಂದು ಚಪ್ಪಡಿ ಇಡಬೇಕು. ಮೇಲೆಮೇಲೆ ಮುಚ್ಚಿದರೆ ರಾತ್ರಿ ನಾಯಿ ಕೆದಕುತ್ತದೆ, ರುಚಿ ಕಂಡ ಮುಂಗುಸಿ ಮರುದಿನ ಗೂಡಿಗೇ ಬರುತ್ತದೆ. ಪೆಟ್ಟಿಗೆಯ ತಟ್ಟೆ, ಜಾಲರಿ ತೊಳೆದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚಿಂಗ್ ಪೌಡರ್ ಬೆರೆಸಿ ಒರೆಸಿ, ಮೊಟ್ಟೆಯಿಲ್ಲದೆ ಒಂದು ದಿನ ಬಲ್ಬ್ ಹಚ್ಚಿ ಒಣಗಿಸಿ. ಜುಲೈಯಲ್ಲಿ ಬಿಸಿಲನ್ನು ಕಾಯುತ್ತ ಕೂತರೆ ಮೊಟ್ಟೆ ಹಳತಾಗುತ್ತದೆ. ಆಗಸ್ಟಿನ ಬ್ಯಾಚಿಗೆ ತಟ್ಟೆ ಒಣಗಿದ್ದೇ ಇತ್ತು, 18ನೇ ದಿನ ಹತ್ತು ಮೊಟ್ಟೆ 452ರಿಂದ 399ಕ್ಕೆ ಬಂದಿದ್ದವು.